ಹುಲಿ ಸತ್ತಿತು, ಜಗಳ ಮುಗಿಯಿತೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಒಳ್ಳೆಯ ಕಥೆ, ಕಾವ್ಯಗಳೆಲ್ಲ ಜಗಳ, ಛಲ, ಸೇಡು, ಯುದ್ಧದ ಮೇಲೆಯೇ ನಿಂತಿವೆ. ‘ಹೊಡೆದಾಡಬೇಡಿ, ಮಾತಿನಲ್ಲಿ ಬಗೆಹರಿಸಿಕೊಳ್ಳಿ’ ಎಂದು ಮಕ್ಕಳಿಗೆ ಹೇಳಬೇಕಾದವರೂ ನಾವೇ. ಎರಡನ್ನೂ ಒಂದೇ ಪಾಠದಲ್ಲಿ ಮಾಡುವುದು ಹೇಗೆ? ಕೊನೆಯಲ್ಲಿ ಕಥೆಯ ನೀತಿ ಬರೆಸಿದರೆ ಸಾಕೇ?

ಉತ್ತರ: ಸಾಲದು. ‘ಹಿಂಸೆ ಕೆಟ್ಟದ್ದು’ ಎಂದು ನೋಟ್ಸಿನಲ್ಲಿ ದುಂಡಗೆ ಬರೆದ ಹುಡುಗನೇ ಬೆಲ್ ಹೊಡೆದ ಮೇಲೆ ನಲ್ಲಿಯ ಹತ್ತಿರ ಪಕ್ಕದ ಬೆಂಚಿನವನ ಕಾಲರ್ ಹಿಡಿದಿರುತ್ತಾನೆ. ನೀತಿ ಅವನಿಗೆ ಗೊತ್ತಿಲ್ಲವೆಂದಲ್ಲ. ಜಗಳ ಬೆಳೆಯುತ್ತಿರುವಾಗ ಅದು ಎಲ್ಲೆಲ್ಲಿ ಬೇರೆ ದಾರಿ ಹಿಡಿಯಬಹುದಿತ್ತು ಎಂದು ನೋಡುವ ಅಭ್ಯಾಸ ಅವನಿಗಿಲ್ಲ, ಅಷ್ಟೇ. ಈ ಅಭ್ಯಾಸಕ್ಕೆ ಸಾಹಿತ್ಯದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಪುಸ್ತಕದೊಳಗಿನ ಜಗಳವನ್ನು ಬೇಕಾದಾಗ ನಿಲ್ಲಿಸಬಹುದು, ಎರಡು ಪುಟ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು, ಯಾರ ಹಲ್ಲೂ ಮುರಿಯುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಕಥೆಯನ್ನು ಕೊನೆ ಮುಟ್ಟಿಸುವ ಮೊದಲೇ ನಿಲ್ಲಿಸಿ, ಅಲ್ಲಿಯೇ ಮಕ್ಕಳನ್ನು ಮಾತಿಗೆಳೆಯಿರಿ.

ಸಂಘರ್ಷದ ಬಗೆಗಳನ್ನು ಬೋರ್ಡಿನ ಮೇಲೆ ಬರೆಯುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಮನುಷ್ಯನಿಗೂ ಮನುಷ್ಯನಿಗೂ, ಮನುಷ್ಯನಿಗೂ ಸಮಾಜಕ್ಕೂ, ಮನುಷ್ಯನಿಗೂ ಪ್ರಕೃತಿಗೂ, ಕೊನೆಗೆ ತನ್ನೊಳಗೇ. ಹತ್ತು ನಿಮಿಷದ ಮಾತು. ಅದಕ್ಕಿಂತ ಹರಿತವಾದ ಹತ್ಯಾರ ನಮ್ಮ ಪ್ರಶ್ನೆಪತ್ರಿಕೆಯಲ್ಲಿಯೇ ಇದೆ: ‘ಈ ಮಾತನ್ನು ಯಾರು, ಯಾರಿಗೆ ಹೇಳಿದರು?’ ಒಂದಂಕದ ಈ ಪ್ರಶ್ನೆಯನ್ನು ನಾವು ವರ್ಷಗಟ್ಟಲೆ ಗೈಡಿಗೆ ಬಿಟ್ಟುಕೊಟ್ಟಿದ್ದೇವೆ. ಅದಕ್ಕೆ ಎರಡು ಬಾಲ ಸೇರಿಸಿ ನೋಡಿ. ಹೇಳಬೇಕೆಂದಿದ್ದೂ ಹೇಳದೆ ಬಿಟ್ಟದ್ದು ಏನು? ಯಾರನ್ನು ಯಾರೂ ಕೇಳಲೇ ಇಲ್ಲ? ಜಗಳದ ಬೇರು ಬಹುತೇಕ ಈ ಎರಡು ಉತ್ತರಗಳಲ್ಲಿಯೇ ಸಿಗುತ್ತದೆ.

ಎಲ್ಲರಿಗೂ ಬಾಯಿಪಾಠವಿರುವ ಗೋವಿನ ಹಾಡಿನಿಂದಲೇ ಶುರು ಮಾಡಬಹುದು. ಹೈಸ್ಕೂಲಿನವರು ‘ಅದು ಚಿಕ್ಕ ಮಕ್ಕಳದ್ದು’ ಎಂದು ನಗುತ್ತಾರೆ, ನಗಲಿ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಟ್ಟುಹೋದ ಪುಣ್ಯಕೋಟಿ ಹೇಳಿದಂತೆಯೇ ತಿರುಗಿ ಬಂದು ‘ಖಂಡವಿದಿಕೋ ಮಾಂಸವಿದಿಕೋ’ ಎಂದು ಗವಿಯ ಮುಂದೆ ನಿಂತಿದ್ದಾಳೆ. ಇಲ್ಲಿ ಪುಸ್ತಕ ಮುಚ್ಚಿಸಿ. ಹುಲಿಗೆ ಬೇಕಾದದ್ದೇನು? ಊಟ. ಹಸುವಿಗೆ? ತನ್ನ ಜೀವಕ್ಕಿಂತ ಹೆಚ್ಚಾಗಿ, ತಬ್ಬಲಿಯಾಗುವ ಕರುವಿಗೊಂದು ಆಸರೆ. ಅದಕ್ಕೇ ಅವಳು ಬರುವ ಮುಂಚೆ ಬೇರೆ ಹಸುಗಳನ್ನು ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಕೇಳಿಕೊಂಡು ಬಂದಿರುವುದು. ಈಗ ಏನಾಗಬಹುದು ಎಂದು ಕೇಳಿ.

ಮಕ್ಕಳಿಗೆ ಕಥೆಯ ಕೊನೆ ಗೊತ್ತು. ಹುಲಿಯ ಮನಸ್ಸು ಕರಗುತ್ತದೆ, ‘ನೀನು ನನ್ನ ಒಡಹುಟ್ಟಿದ ಅಕ್ಕ’ ಎನ್ನುತ್ತದೆ, ಹಾರಿ ಪ್ರಾಣ ಬಿಡುತ್ತದೆ. ನಾವು ದೊಡ್ಡವರು ಸತ್ಯಕ್ಕೆ ಜಯ ಎಂದು ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ತರಗತಿಯಲ್ಲಿ ಬಿಡುವು ಕೊಟ್ಟರೆ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: ಹುಲಿ ಮಾಡಿದ ತಪ್ಪಾದರೂ ಏನು, ಅದು ಹುಲ್ಲು ತಿನ್ನಲಿಕ್ಕಾಗುತ್ತದೆಯೇ? ಈ ಪ್ರಶ್ನೆಯನ್ನು ದಯವಿಟ್ಟು ತಳ್ಳಿಹಾಕಬೇಡಿ. ಜಗಳದ ಬೇರಾಗಿದ್ದ ಹಸಿವು ಹಾಗೆಯೇ ಉಳಿದು, ಹಸಿದವನೇ ಇಲ್ಲವಾದ. ಒಂದು ಕಡೆಯವರು ಸತ್ತು ಮುಗಿದ ಜಗಳವನ್ನು ಶಾಂತಿಯುತ ಪರಿಹಾರ ಎನ್ನಬಹುದೇ? ನನ್ನ ಮಟ್ಟಿಗೆ ಎನ್ನಲಾಗದು. ಹಾಗೆಂದು ಹಾಡು ಸಣ್ಣದಾಗುವುದಿಲ್ಲ. ಯಾರೂ ಬಯ್ಯದೆ, ಬೆದರಿಸದೆ, ಬರೀ ಕೊಟ್ಟ ಮಾತು ಉಳಿಸಿಕೊಂಡು ಎದುರಾಳಿಯ ಮನಸ್ಸನ್ನು ಬದಲಿಸಬಹುದು ಎಂದು ಇಷ್ಟು ಸರಳವಾಗಿ ತೋರಿಸಿದ ಪದ್ಯ ನನಗೆ ಗೊತ್ತಿಲ್ಲ.

ಇನ್ನೊಂದು ಪ್ರಶ್ನೆಯೂ ಬರುತ್ತದೆ, ಅದು ಇನ್ನೂ ಉಪಯೋಗದ್ದು. ಪುಣ್ಯಕೋಟಿ ಗೊಲ್ಲ ಕಾಳಿಂಗನಿಗೆ ಯಾಕೆ ಹೇಳಲಿಲ್ಲ? ಹಾಡಿನಲ್ಲಿ ಗೊಲ್ಲನ ಹತ್ತಿರ ಅವಳು ಮಾತಾಡುವುದು ಎಲ್ಲ ಮುಗಿದ ಮೇಲೆ, ಪ್ರತಿ ಸಂಕ್ರಾಂತಿಗೆ ಕೃಷ್ಣನನ್ನು ಭಜಿಸಿ ಎನ್ನುವುದಕ್ಕೆ. ತನಗಿಂತ ಬಲವಾದವನು ಮೇಲೆ ಬಿದ್ದಾಗ ಮೂರನೆಯವರ ಹತ್ತಿರ ಹೋಗುವುದು ಹೇಡಿತನವೇ, ಕೊಟ್ಟ ಮಾತಿಗೆ ತಪ್ಪಿದಂತೆಯೇ? ಏಳನೆಯ ತರಗತಿಯ ಮಕ್ಕಳು ಇದರ ಮೇಲೆ ಒಂದು ಪೀರಿಯಡ್ ಪೂರ್ತಿ ಜಗಳವಾಡಬಲ್ಲರು. ಆಡಲಿ.

ದೊಡ್ಡ ತರಗತಿಗಳಿಗೆ ಮಹಾಭಾರತದ ಉದ್ಯೋಗ ಪರ್ವಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ನಾವು ಪಾಠ ಮಾಡುವಾಗ ಇದನ್ನು ಯುದ್ಧದ ಮುನ್ನುಡಿ ಎಂಬಂತೆ ದಾಟಿಬಿಡುತ್ತೇವೆ. ನಿಜಕ್ಕೂ ಅದು ಯುದ್ಧ ತಪ್ಪಿಸಲು ಮಾಡಿದ ಪ್ರಯತ್ನಗಳ ದೊಡ್ಡ ಕಡತ. ಮೊದಲು ದ್ರುಪದನ ಪುರೋಹಿತ ಹಸ್ತಿನಾವತಿಗೆ ಹೋಗುತ್ತಾನೆ. ಆಮೇಲೆ ಧೃತರಾಷ್ಟ್ರನ ಕಡೆಯಿಂದ ಸಂಜಯ ಬರುತ್ತಾನೆ. ಮೂರನೆಯ ಬಾರಿ ಕೃಷ್ಣನೇ ಹೊರಡುತ್ತಾನೆ. ಮೂರೂ ಮುರಿದುಬೀಳುತ್ತವೆ, ಆದರೆ ಒಂದೊಂದೂ ಬೇರೆ ಬೇರೆ ಕಾರಣಕ್ಕೆ. ಆ ಕಾರಣಗಳನ್ನು ಮಕ್ಕಳಿಂದಲೇ ಹೊರಡಿಸಿದರೆ ಅರ್ಧ ಪಾಠ ಆದಂತೆ.

ಸಂಜಯನನ್ನೇ ತೆಗೆದುಕೊಳ್ಳಿ. ಅವನು ತಂದ ಮಾತು ಕೇಳಲು ಬಲು ಹಿತ: ಯುದ್ಧ ಕೆಟ್ಟದ್ದು, ಬಂಧುಗಳನ್ನು ಕೊಂದು ಆಳುವುದಕ್ಕಿಂತ ಬೇಡಿ ಉಣ್ಣುವುದು ಮೇಲು. ರಾಜ್ಯ ವಾಪಸು ಕೊಡುವ ವಿಚಾರ ಮಾತ್ರ ಇಲ್ಲ. ಕಿತ್ತುಕೊಂಡವನ ಕಡೆಯವರು ಕಳೆದುಕೊಂಡವನಿಗೆ ಶಾಂತಿಯ ಉಪದೇಶ ಮಾಡುವ ಈ ಸನ್ನಿವೇಶ ಮಕ್ಕಳಿಗೆ ಚೆನ್ನಾಗಿ ಪರಿಚಯ. ಪೆನ್ನು ಕಸಿದುಕೊಂಡವನ ಜತೆಗೆ ‘ಶೇಕ್ ಹ್ಯಾಂಡ್ ಮಾಡಿಕೊ’ ಎಂದು ನಾವೇ ಎಷ್ಟು ಸಲ ಹೇಳಿಲ್ಲ, ಪೆನ್ನು ಎಲ್ಲಿ ಎಂದು ಕೇಳದೆ!

ಧರ್ಮರಾಯ ಐದು ಊರು ಕೊಟ್ಟರೂ ಸಾಕು ಎನ್ನುವಷ್ಟು ಇಳಿದು ಬರುತ್ತಾನೆ. ದುರ್ಯೋಧನ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆನ್ನುತ್ತಾನೆ. ಇಲ್ಲಿ ಮಕ್ಕಳು ದುರ್ಯೋಧನನದೇ ತಪ್ಪು ಎಂದು ತೀರ್ಪು ಕೊಟ್ಟು ಕೂತುಬಿಡುತ್ತಾರೆ. ತೀರ್ಪು ಸರಿಯೇ ಇರಬಹುದು, ಆದರೆ ಅಲ್ಲಿಗೇ ಬಿಟ್ಟರೆ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಕೃಷ್ಣ ಹೊರಡುವ ಮುಂಚೆ ದ್ರೌಪದಿ ತನ್ನ ಮುಡಿಯನ್ನು ಕೈಯಲ್ಲಿ ಹಿಡಿದು ತೋರಿಸುತ್ತಾಳೆ, ಸಂಧಿಯ ಮಾತಾಡುವಾಗ ಇದು ನೆನಪಿರಲಿ ಎನ್ನುತ್ತಾಳೆ. ಭೀಮಾರ್ಜುನರು ಸಂಧಿಗೆ ಒಪ್ಪಿದರೆ ತನ್ನ ಮುದಿ ತಂದೆ ಮತ್ತು ಮಕ್ಕಳು ಹೋರಾಡುತ್ತಾರೆ ಎಂದೂ ಹೇಳುತ್ತಾಳೆ. ಐದು ಊರು ನೆಲದ ಜಗಳಕ್ಕೆ ಉತ್ತರ. ತುಂಬಿದ ಸಭೆಯಲ್ಲಿ ಆದ ಅವಮಾನಕ್ಕೆ ಯಾವ ಊರು ಉತ್ತರ? ದುರ್ಯೋಧನ ಐದು ಊರು ಕೊಟ್ಟಿದ್ದನೆಂದೇ ಇಟ್ಟುಕೊಳ್ಳೋಣ. ಆ ಶಾಂತಿ ಎಷ್ಟು ದಿನ ಬಾಳುತ್ತಿತ್ತು? ಸಂಧಾನ ಎಂದರೆ ಪಾಲು ಹಂಚುವುದು ಎಂದಷ್ಟೇ ತಿಳಿದ ಮಕ್ಕಳಿಗೆ, ನೋವನ್ನು ಒಪ್ಪಿಕೊಳ್ಳುವುದೂ ಅದರ ಭಾಗ ಎಂದು ಕಾಣುವುದು ಈ ಜಾಗದಲ್ಲಿ. ಸಭೆಯಲ್ಲಿ ಯಾರಾದರೂ ಎದ್ದುನಿಂತು ‘ಅವತ್ತು ನಾವು ಸುಮ್ಮನಿದ್ದದ್ದು ತಪ್ಪಾಯಿತು’ ಎಂದಿದ್ದರೆ? ಹಾಗೆ ಹೇಳಬಹುದಾಗಿದ್ದವರು ಯಾರು ಯಾರು? ಹುಡುಗಿಯರು ಹೆಚ್ಚು ಮಾತಾಡುವ ಪೀರಿಯಡ್ ಇದು.

ಕೃಷ್ಣ ಹಿಂದಿರುಗುವಾಗ ಕರ್ಣನನ್ನು ಕಂಡು ಅವನ ಹುಟ್ಟಿನ ಗುಟ್ಟು ಹೇಳುವ ಭಾಗವನ್ನು ‘ತನ್ನೊಳಗಿನ ಸಂಘರ್ಷ’ಕ್ಕೆ ಇಟ್ಟುಕೊಳ್ಳಿ. ಕರ್ಣ ಒಪ್ಪುವುದಿಲ್ಲ, ಅಷ್ಟೇ ಅಲ್ಲ, ಈ ಗುಟ್ಟು ಧರ್ಮರಾಯನಿಗೆ ತಿಳಿಯದಿರಲಿ ಎಂದೂ ಕೇಳಿಕೊಳ್ಳುತ್ತಾನೆ. ತಿಳಿದರೆ ಅವನು ರಾಜ್ಯವನ್ನು ತನಗೆ ಕೊಟ್ಟಾನು, ತಾನದನ್ನು ದುರ್ಯೋಧನನಿಗೆ ಕೊಟ್ಟೇನು ಎಂಬುದು ಅವನ ಲೆಕ್ಕ. ಕುಂತಿ ಇದನ್ನೇ ಹತ್ತಾರು ವರ್ಷ ಮೊದಲು ಹೇಳಿದ್ದರೆ ಎಂದು ಒಂದು ಮಾತು ಕೇಳಿ ಸುಮ್ಮನಾಗಿ.

ಇದನ್ನು ತರಗತಿಯಲ್ಲಿ ಮಾಡಿಸುವುದು ಹೇಗೆ? ಗುಂಪು ಚರ್ಚೆ, ಚಾರ್ಟ್ ಎಲ್ಲ ಇರಲಿ. ನಮ್ಮಲ್ಲಿ ಇದಕ್ಕೆಂದೇ ಹೇಳಿಮಾಡಿಸಿದಂಥ ಕಲೆಯೊಂದಿದೆ, ತಾಳಮದ್ದಲೆ. ಕರಾವಳಿ, ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ: ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದಿಸುತ್ತಾರೆ, ಮಾತೆಲ್ಲ ಆ ಕ್ಷಣದಲ್ಲಿ ಹುಟ್ಟಿದ್ದು. ಕೃಷ್ಣಸಂಧಾನ ಅಲ್ಲಿನ ಅಚ್ಚುಮೆಚ್ಚಿನ ಪ್ರಸಂಗಗಳಲ್ಲಿ ಒಂದು. ಕೌರವನ ಅರ್ಥ ಹೇಳುವವರಿಗೆ ಪ್ರಸಂಗದ ಕೊನೆ ಬದಲಾಗುವುದಿಲ್ಲವೆಂದು ಗೊತ್ತು. ಆದರೂ ಕೌರವನ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತನ್ನು ಹುಡುಕಿ ಹೇಳುತ್ತಾರೆ. ಅದಕ್ಕೇ ಜನ ರಾತ್ರಿಯೆಲ್ಲ ಕೂತು ಕೇಳಿದ್ದು.

ತರಗತಿಯಲ್ಲಿ ಹಾಡು, ಮದ್ದಲೆ ಇಲ್ಲದಿದ್ದರೂ ನಡೆಯುತ್ತದೆ. ಇಬ್ಬರನ್ನು ಎದುರು ಬದುರು ಕೂರಿಸಿ, ಒಬ್ಬ ಕೃಷ್ಣ, ಒಬ್ಬ ಕೌರವ. ಒಂದೇ ಒಂದು ನಿಯಮ ಇಡಿ: ಎದುರಿನವನು ಹೇಳಿದ್ದನ್ನು ಅವನು ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಂತೆ ಮೊದಲು ತಿರುಗಿ ಹೇಳಬೇಕು, ಆಮೇಲಷ್ಟೇ ಉತ್ತರ. ಶುರುವಿನಲ್ಲಿ ಎಲ್ಲರೂ ತಡವರಿಸುತ್ತಾರೆ, ಯಾಕೆಂದರೆ ನಾವು ಕೇಳುವಾಗಲೇ ಉತ್ತರ ಹೊಸೆಯುತ್ತಿರುತ್ತೇವೆ. ಅರ್ಧ ಆದಮೇಲೆ ಪಾತ್ರ ಅದಲು ಬದಲು ಮಾಡಿ. ಈಗಷ್ಟೇ ಕೌರವನನ್ನು ಹೀಗಳೆದವನು ಕೌರವನಾಗಿ ಮಾತಾಡಬೇಕು. ವಿದುರ, ಗಾಂಧಾರಿಯರ ಪಾತ್ರಗಳನ್ನೂ ಕೊಡಿ. ಮಗನಿಗೆ ಬುದ್ಧಿ ಹೇಳಲೆಂದು ಗಾಂಧಾರಿಯನ್ನು ಸಭೆಗೆ ಕರೆಸಿದ್ದು ಮಕ್ಕಳಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಎಲ್ಲ ಕಥೆಗಳೂ ಸೋತ ಸಂಧಾನದವೇ ಆದರೆ ಮಕ್ಕಳು ಪ್ರಯೋಜನವೇನು ಎಂದಾರು. ಆಗ ಪಂಪನ ಆದಿಪುರಾಣಕ್ಕೆ ಬನ್ನಿ, ಹತ್ತನೆಯ ಶತಮಾನದ ಕಾವ್ಯ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ, ಅಂದರೆ ಚಕ್ರವರ್ತಿಯ ದಿವ್ಯಾಯುಧ, ಅಯೋಧ್ಯೆಯ ಹೊರಗೇ ನಿಂತುಬಿಡುತ್ತದೆ, ತಮ್ಮಂದಿರು ಇನ್ನೂ ಅವನಿಗೆ ತಲೆಬಾಗಿಲ್ಲವೆಂದು. ಅವರಲ್ಲಿ ಬಾಹುಬಲಿ ತಲೆಬಾಗಲು ಒಪ್ಪುವುದಿಲ್ಲ. ಎರಡೂ ಸೇನೆ ಎದುರು ನಿಂತಾಗ ಮಂತ್ರಿಗಳು ಯೋಚಿಸುತ್ತಾರೆ: ಇವರಿಬ್ಬರೂ ಚರಮದೇಹಿಗಳು, ಅಂದರೆ ಇದೇ ಕೊನೆಯ ಜನ್ಮವಾಗಿ ಮೋಕ್ಷಕ್ಕೆ ಹೋಗುವವರು, ಇವರಿಗೇನೂ ಆಗದು, ಸಾಯುವುದು ಸೈನಿಕರು. ಹಾಗಾಗಿ ಅಣ್ಣ ತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಲಿ. ಜಗಳ ನಿಲ್ಲಲಿಲ್ಲ, ಆದರೆ ಜಗಳಕ್ಕೆ ಬೇಲಿ ಬಿತ್ತು. ಇದು ದೊಡ್ಡ ಸಾಧನೆ. ಬಾಹುಬಲಿಯ ತ್ಯಾಗದ ಎತ್ತರದ ಮುಂದೆ ಈ ಮಂತ್ರಿಗಳು ನಮ್ಮ ಪಾಠಗಳಲ್ಲಿ ಕಾಣದೆ ಹೋಗುವುದು ಅನ್ಯಾಯ. ಬಾಹುಬಲಿ ಮೂರರಲ್ಲೂ ಗೆದ್ದ ಮೇಲೆ ಭರತ ನಿಯಮ ಮುರಿದು ಚಕ್ರ ಪ್ರಯೋಗಿಸುತ್ತಾನೆ, ಚಕ್ರ ತಮ್ಮನಿಗೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಗೆದ್ದ ನೆಲವನ್ನು ಅಣ್ಣನಿಗೇ ಬಿಟ್ಟು ಬಾಹುಬಲಿ ತಪಸ್ಸಿಗೆ ಹೋಗುತ್ತಾನೆ. ಸೋತವನು ಸೋಲನ್ನು ಒಪ್ಪದಿದ್ದಾಗ ಏನು ಮಾಡಬೇಕು ಎಂಬುದು ಕಬಡ್ಡಿ ಆಡುವ ಪ್ರತಿ ಮಗುವಿನ ಪ್ರಶ್ನೆ. ಬಾಹುಬಲಿಯ ಉತ್ತರವೇ ಎಲ್ಲರ ಉತ್ತರ ಆಗಬೇಕಿಲ್ಲ ಎಂದು ಧೈರ್ಯವಾಗಿ ಹೇಳಿ. ಶ್ರವಣಬೆಳಗೊಳಕ್ಕೆ ಪ್ರವಾಸ ಹೋಗುವ ಶಾಲೆಗಳು ಹೊರಡುವ ಮುಂಚೆ ಈ ಪಾಠ ಮುಗಿಸಿಕೊಂಡರೆ ಒಳ್ಳೆಯದು.

ಒಂದು ಎಚ್ಚರಿಕೆ. ತರಗತಿಯ ನಿಜವಾದ ಜಗಳವನ್ನು ಕಥೆಯ ನೆಪದಲ್ಲಿ ಎಲ್ಲರೆದುರು ಬಿಚ್ಚಬೇಡಿ. ‘ನಮ್ಮ ತರಗತಿಯಲ್ಲಿ ದುರ್ಯೋಧನ ಯಾರು?’ ಎನ್ನುವ ತಮಾಷೆ ಒಂದು ಮಗುವಿಗೆ ವರ್ಷವಿಡೀ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಮತ್ತೆ, ದಿನಾ ಒಬ್ಬನೇ ಹೊಡೆಯುತ್ತ ಇನ್ನೊಬ್ಬನೇ ಹೊಡೆಸಿಕೊಳ್ಳುತ್ತಿದ್ದರೆ ಅದು ಜಗಳವಲ್ಲ, ದಬ್ಬಾಳಿಕೆ. ಅಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೋದರೆ ಸಂಜಯನ ಕೆಲಸ ಮಾಡಿದಂತಾಗುತ್ತದೆ. ಮೊದಲು ಹೊಡೆತ ನಿಲ್ಲಿಸಿ, ಹೊಡೆಸಿಕೊಂಡವನ ಮಾತನ್ನು ಬೇರೆಯಾಗಿ ಕೇಳಿ, ಮುಖ್ಯೋಪಾಧ್ಯಾಯರಿಗೂ ಮನೆಯವರಿಗೂ ತಿಳಿಸಿ. ಕಾಳಿಂಗನಿಗೆ ಹೇಳಬಹುದು ಎಂದು ಆ ಮಗುವಿಗೆ ಗೊತ್ತಿರಬೇಕು.

ಅಂಕದ ಪ್ರಶ್ನೆ ಹೇಗೂ ಬರುತ್ತದೆ. ‘ಗಾಂಧಾರಿ ದುರ್ಯೋಧನನಿಗೆ ಬರೆದ ಪತ್ರ’ ಅಥವಾ ‘ಹುಲಿಯ ದಿನಚರಿಯ ಒಂದು ಪುಟ’ ಬರೆಯಿಸಬಹುದು. ಕಥೆಯನ್ನು ಸುಖಾಂತ ಮಾಡಿದ್ದಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಮುಂದಿನ ಸಲ ಎಲ್ಲ ಹುಲಿಗಳೂ ಅನ್ನ ಸಾರು ಉಂಡು ಮಲಗುತ್ತವೆ. ತನಗೆ ಇಷ್ಟವಿಲ್ಲದ ಪಾತ್ರದ ಮಾತನ್ನು ಮಗು ಎಷ್ಟು ನ್ಯಾಯವಾಗಿ ಬರೆದಿದೆ, ಅದನ್ನು ನೋಡಿ ಕೊಡಿ.