ಹುಣಸೆಹಣ್ಣು ತಾಗದ ಸೆಂಟ್

ಕಳೆದ ಬೇಸಿಗೆಯಲ್ಲಿ ತಾಯಿ ಮಗ ಇಬ್ಬರು, ಹಳೆಯ ನಾಣ್ಯ ನೋಡಿ ಬೆಲೆ ಹೇಳುವ ನನ್ನ ಮೇಜಿನ ಮುಂದೆ ಬಂದು ಕೂತರು. ಮಗ ಇಲ್ಲೇ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾರೆ. ತಾಯಿ ಹಾಸನದ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದವರು. ಮಗ ಯಾರದೋ ಮನೆಯ ಗರಾಜ್ ಸೇಲ್‌ನಲ್ಲಿ ಕೊಂಡಿದ್ದ ಹಳೆಯ ಒಂದು ಸೆಂಟಿನ ನಾಣ್ಯಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಮುಚ್ಚಳ ತೆಗೆಯುತ್ತಲೇ ನನ್ನ ಎದೆ ಧಸಕ್ಕೆಂದಿತು. ಹಬ್ಬಕ್ಕೆ ಬೆಳಗಿಟ್ಟ ತಾಮ್ರದ ಚೊಂಬಿನ ಹಾಗೆ ಅಷ್ಟೂ ನಾಣ್ಯಗಳು ಥಳಥಳ ಹೊಳೆಯುತ್ತಿದ್ದವು. "ಕಪ್ಪಗಾಗಿ ಹೋಗಿದ್ವು ಕಣಪ್ಪ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದೆ" ಎಂದರು ತಾಯಿ.

ನಮ್ಮ ಮನೆಗಳಲ್ಲಿ ತಾಮ್ರವೆಂದರೆ ಬೆಳಗುವ ಲೋಹ. ಹುಣಸೆಹಣ್ಣಿನ ಹುಳಿ ತಾಮ್ರದ ಮೇಲೆ ಕೂತ ಕಪ್ಪನ್ನು ಕರಗಿಸುತ್ತದೆ, ಒಳಗಿನ ಹೊಸ ಲೋಹ ಹೊರಗೆ ಬರುತ್ತದೆ. ಚೊಂಬಿಗೆ ಇದರಿಂದ ನಷ್ಟವಿಲ್ಲ. ನಾಣ್ಯದ ಜೀವ ಇರುವುದೇ ಆ ಮೇಲ್ಪದರದಲ್ಲಿ. ಅಚ್ಚು ಬಂದು ಬಡಿದಾಗ ಲೋಹ ಒತ್ತಡಕ್ಕೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಬಳಸದ ನಾಣ್ಯವನ್ನು ದೀಪದ ಕೆಳಗೆ ನಿಧಾನಕ್ಕೆ ವಾಲಿಸಿ ನೋಡಿ. ಬೆಳಕಿನ ಪಟ್ಟಿಯೊಂದು ಗಾಲಿಯ ಕಡ್ಡಿಯಂತೆ ಸುತ್ತು ಬರುತ್ತದೆ. ಅದು ಆ ಗೆರೆಗಳ ಆಟ. ಹುಳಿ ಆ ಗೆರೆಗಳನ್ನೇ ತಿಂದುಹಾಕುತ್ತದೆ. ಆಮೇಲೂ ನಾಣ್ಯ ಹೊಳೆಯುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ. ಬಣ್ಣವೂ ಟಂಕಸಾಲೆಯ ಕಿತ್ತಳೆಗೆಂಪು ಹೋಗಿ ಒಂಥರಾ ಪೇಲವ ಗುಲಾಬಿಗೆ ತಿರುಗಿರುತ್ತದೆ.

ಆ ಡಬ್ಬಿಯಲ್ಲಿ ಡೆನ್ವರ್ ಟಂಕಸಾಲೆಯ 1924ರ ಸೆಂಟ್ ಒಂದಿತ್ತು. ಆ ವರ್ಷ ಅಲ್ಲಿ ಅಚ್ಚಾದದ್ದು ಸುಮಾರು 25 ಲಕ್ಷ ಮಾತ್ರ, ಸೆಂಟಿನ ಲೆಕ್ಕಕ್ಕೆ ಅದು ಬಹಳ ಕಡಿಮೆ. ತಿಕ್ಕದೇ ಇದ್ದಿದ್ದರೆ ನಾನು ಸಂತೋಷದಿಂದ ಒಳ್ಳೆಯ ಬೆಲೆ ಹೇಳುತ್ತಿದ್ದೆ. ಈಗ ಅದನ್ನು ನಾಣ್ಯ ಪರೀಕ್ಷಿಸಿ ಗುಣಮಟ್ಟಕ್ಕೆ ಅಂಕಿ ಕೊಡುವ ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅಂಕಿ ಬರುವುದಿಲ್ಲ, 'ತೊಳೆದದ್ದು' ಎಂಬ ಷರಾ ಬರುತ್ತದೆ, ಬೆಲೆ ಕುಸಿಯುತ್ತದೆ. ತಾಯಿಗೆ ಇದನ್ನು ಹೇಳುವಾಗ ನನಗೆ ನಿಜಕ್ಕೂ ಕಷ್ಟವಾಯಿತು.

ಗ್ರೇಡ್ ಎಂದರೇನು ಎಂದು ಮಗ ಕೇಳಿದರು. ನಾಣ್ಯ ಎಷ್ಟು ಸವೆದಿದೆ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಂಕಿಯಲ್ಲಿ ಹೇಳುವುದೇ ಗ್ರೇಡ್. ಅಮೆರಿಕದ ನಾಣ್ಯಗಳಿಗೆಲ್ಲ ಇವತ್ತು ಬಳಸುವ 1ರಿಂದ 70ರವರೆಗಿನ ಅಳತೆ ಹುಟ್ಟಿದ್ದೇ ಒಂದು ಸೆಂಟಿನಿಂದ. 1793ರಿಂದ 1857ರವರೆಗೆ ಇಲ್ಲಿನ ಸೆಂಟ್ ದಪ್ಪನೆಯ, ಅಗಲವಾದ ತಾಮ್ರದ ಬಿಲ್ಲೆಯಾಗಿತ್ತು. ಅದರ ಮೋಹಕ್ಕೆ ಬಿದ್ದಿದ್ದ ಮನಃಶಾಸ್ತ್ರಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಈ ಅಳತೆಯನ್ನು ಮುಂದಿಟ್ಟರು. ಗುರುತು ಸಿಕ್ಕರೆ ಸಾಕೆನ್ನುವಷ್ಟು ಸವೆದ ನಾಣ್ಯದ ಬೆಲೆ ಒಂದು ಎಂದಾದರೆ, ಕಳಂಕವಿಲ್ಲದ ಅದೇ ನಾಣ್ಯದ ಬೆಲೆ ಅದರ ಎಪ್ಪತ್ತು ಪಟ್ಟು ಎಂಬುದು ಅವರ ಲೆಕ್ಕ. ಬೆಲೆಯ ಆ ಲೆಕ್ಕ ಹೆಚ್ಚು ಕಾಲ ನಿಲ್ಲಲಿಲ್ಲ, ಅಂಕಿಗಳು ಮಾತ್ರ ಉಳಿದುಕೊಂಡವು. ಕೈಯಿಂದ ಕೈಗೆ ಓಡಾಡಿದ ನಾಣ್ಯ 58ರ ಮೇಲೆ ಹೋಗುವುದಿಲ್ಲ. 60ರಿಂದ ಮೇಲಿನದು ಚಲಾವಣೆಯ ಸವೆತವೇ ಇಲ್ಲದ ನಾಣ್ಯಕ್ಕೆ ಮೀಸಲು.

ಅಂಕಿಗೆ ಹೆದರಬೇಡಿ. ಹೊಸಬರು 1909ರಿಂದ 1958ರವರೆಗಿನ ಲಿಂಕನ್ ಸೆಂಟಿನಿಂದ ಶುರು ಮಾಡುವುದು ಒಳ್ಳೆಯದು. ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಗೋಧಿ ತೆನೆ ಇರುತ್ತದೆ. ಹತ್ತು ಪಟ್ಟು ಕಾಣಿಸುವ ಭೂತಗನ್ನಡಿ ಹಿಡಿದು ತೆನೆಯ ಗೆರೆಗಳನ್ನು ನೋಡಿ. ಗೆರೆಗಳೆಲ್ಲ ಅಳಿಸಿ ತೆನೆಯ ಆಕಾರ ಮಾತ್ರ ಉಳಿದಿದ್ದರೆ ಅದು 'ಗುಡ್', ಅಂದರೆ 4. ಹೆಸರು ಗುಡ್ ಆದರೂ ಚೆನ್ನಾಗಿ ಸವೆದ ನಾಣ್ಯವೇ ಅದು. ಸುಮಾರು ಅರ್ಧ ಗೆರೆಗಳು ಕಂಡರೆ 'ವೆರಿ ಗುಡ್', 8. ಗೆರೆಗಳೆಲ್ಲ ಇದ್ದೂ ಮೊಂಡಾಗಿದ್ದರೆ 'ಫೈನ್', 12. ಅಲ್ಲಿಂದ ಮೇಲೆ ನಾಣ್ಯ ತಿರುಗಿಸಿ ಲಿಂಕನ್ ಮುಖ ನೋಡಬೇಕು. ಕೆನ್ನೆಯ ಮೂಳೆ, ದವಡೆ ಎರಡೂ ಬೇರೆಬೇರೆಯಾಗಿ ಕಂಡರೆ 'ವೆರಿ ಫೈನ್', 20.

ಇಷ್ಟು ಹೇಳಿ ಭೂತಗನ್ನಡಿಯನ್ನು ತಾಯಿಯ ಕೈಗೆ ಕೊಟ್ಟೆ. ಅವರು ತೆನೆ ಕಂಡವರು. ಎರಡು ನಿಮಿಷ ಸುಮ್ಮನೆ ನೋಡಿ, "ಇದು ಅರ್ಧಂಬರ್ಧ, ಇದು ಪೂರಾ ಬೋಳು" ಎಂದು ಎರಡನ್ನು ಪಕ್ಕಕ್ಕಿಟ್ಟರು. ಎರಡೂ ಸರಿಯಾಗಿತ್ತು. ಬೆಲೆಪಟ್ಟಿ ತೆರೆಯುವ ಮೊದಲು ಕಣ್ಣು ಹೀಗೆ ಪಳಗಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಲೆ ನೋಡಿದ ಮೇಲೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದ ಮೇಲೆ ಇಲ್ಲದ ಗೆರೆಗಳೂ ಕಾಣತೊಡಗುತ್ತವೆ.

ಲಿಂಕನ್ ಸೆಂಟಿಗಿಂತ ಹಿಂದಿನದು, 1859ರಿಂದ 1909ರವರೆಗಿನ 'ಇಂಡಿಯನ್ ಹೆಡ್' ಸೆಂಟ್. ಹೆಸರು ಕೇಳಿ ನಮ್ಮವರು ಇದಕ್ಕೂ ಭಾರತಕ್ಕೂ ನಂಟಿದೆ ಎಂದುಕೊಳ್ಳುವುದುಂಟು. ಅದರಲ್ಲಿರುವುದು ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ ತೊಟ್ಟ ಸ್ವಾತಂತ್ರ್ಯದೇವಿ. ಹಣೆಪಟ್ಟಿಯ ಮೇಲೆ 'ಲಿಬರ್ಟಿ' ಎಂಬ ಪದವಿದೆ. ಅದರ ಮೂರು ಅಕ್ಷರ ಓದಲು ಬಂದರೆ ವೆರಿ ಗುಡ್, ಪೂರ್ತಿ ಓದಲು ಬಂದರೆ ಫೈನ್.

ಕೆಂಪು, ಕೆಂಪುಕಂದು, ಕಂದು ಎಂದು ಬಣ್ಣಕ್ಕೂ ಮೂರು ದರ್ಜೆಗಳಿವೆ. ಅಚ್ಚಾದ ದಿನದ ಕೆಂಪು ಬಹುಪಾಲು ಉಳಿದಿದ್ದರೆ ಮಾತ್ರ ಮೊದಲ ದರ್ಜೆ. ನನಗೆ ಕೇಳಿದರೆ, ನೂರು ವರ್ಷ ಗಾಳಿಯಲ್ಲಿ ನಿಧಾನವಾಗಿ ಮಾಗಿ ಸಮನಾಗಿ ಚಾಕೊಲೇಟ್ ಬಣ್ಣಕ್ಕೆ ಬಂದ ಸೆಂಟಿನಷ್ಟು ಚಂದದ್ದು ಮತ್ತೊಂದಿಲ್ಲ. ಪೇಟೆ ಕೆಂಪಿಗೇ ಹೆಚ್ಚು ಕೊಡುತ್ತದೆ. ಆದರೆ ಕೆಂಪು ಮುಂದೊಂದು ದಿನ ಕಂದಾಗಬಹುದು, ಮಾಗಿದ ಕಂದು ಹೆಚ್ಚು ಬದಲಾಗದು.

ಮೋಸದ ವಿಷಯ. ಡೆನ್ವರಿನ 1914ರ ಸೆಂಟಿಗೆ ಬೇಡಿಕೆ ಹೆಚ್ಚು, ಅಚ್ಚಾದದ್ದು ಸುಮಾರು 12 ಲಕ್ಷ. ಹಾಗಾಗಿ 1944ರ ಡೆನ್ವರ್ ಸೆಂಟ್ ತೆಗೆದುಕೊಂಡು, ಮೊದಲ ನಾಲ್ಕನ್ನು ಕೆತ್ತಿ ಒಂದು ಮಾಡಿ ಮಾರುವವರಿದ್ದಾರೆ. ನನ್ನ ಮೇಜಿಗೆ ಇಂಥದ್ದು ಬಂದಾಗ ನಾನು ವರ್ಷವನ್ನು ಮೊದಲು ನೋಡುವುದೇ ಇಲ್ಲ. ಲಿಂಕನ್ನರ ಭುಜದ ಕೆಳಗೆ, ಅಂಚಿನ ಹತ್ತಿರ ನೋಡುತ್ತೇನೆ. ನಾಣ್ಯ ರೂಪಿಸಿದ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್. ಅವರ ಹೆಸರಿನ ಮೂರು ಮೊದಲಕ್ಷರಗಳು 1909ರಲ್ಲಿ ಹಿಂಬದಿಯ ಬುಡದಲ್ಲಿದ್ದವು, ಎದ್ದು ಕಾಣುತ್ತವೆಂದು ಆಕ್ಷೇಪ ಬಂದು ಕೆಲವೇ ದಿನಗಳಲ್ಲಿ ತೆಗೆದರು. 1918ರಲ್ಲಿ ಭುಜದ ಕೆಳಗೆ ಸಣ್ಣದಾಗಿ ಮರಳಿ ಹಾಕಿದರು. ಅಂದಮೇಲೆ 1914ರ ಅಸಲಿ ನಾಣ್ಯದಲ್ಲಿ ಅವು ಎಲ್ಲೂ ಇರಲು ಸಾಧ್ಯವಿಲ್ಲ. ಭುಜದಡಿ ಅಕ್ಷರ ಕಂಡರೆ ಅಲ್ಲಿಗೇ ಮುಗಿಯಿತು. ಅಕ್ಷರವನ್ನೂ ಕೆರೆದು ತೆಗೆದಿದ್ದರೆ, ಒಂಬತ್ತಕ್ಕೂ ಒಂದಕ್ಕೂ ನಡುವೆ ಇರಬೇಕಾದ್ದಕ್ಕಿಂತ ಹೆಚ್ಚು ಜಾಗ ಉಳಿದು ಸಿಕ್ಕಿಬೀಳುತ್ತದೆ.

1943ರ 'ತಾಮ್ರದ ಸೆಂಟ್' ಹಿಡಿದು ತಿಂಗಳಿಗೊಬ್ಬರಾದರೂ ಬರುತ್ತಾರೆ. ಯುದ್ಧಕ್ಕೆ ತಾಮ್ರ ಬೇಕೆಂದು ಆ ವರ್ಷ ಸತು ಬಳಿದ ಉಕ್ಕಿನಲ್ಲಿ ಸೆಂಟ್ ಅಚ್ಚು ಹಾಕಿದರು. ತಪ್ಪಿ ಕಂಚಿನಲ್ಲಿ ಅಚ್ಚಾದವು ಬೆರಳೆಣಿಕೆಯಷ್ಟು. ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರದ ಲೇಪ ಕೊಟ್ಟ ಉಕ್ಕು. ಅಂಟದಿದ್ದರೂ ಕುಣಿಯಬೇಡಿ, 1948ರ ಎಂಟನ್ನು ಕೆತ್ತಿ ಮೂರು ಮಾಡಿದ್ದೂ ಉಂಟು.

ಮನೆಯಲ್ಲಿ ಇಡುವುದು ಹೇಗೆ ಎಂದು ತಾಯಿ ಕೇಳಿದರು. ಅಂಚು ಹಿಡಿದೇ ಎತ್ತಿ, ಬೆವರಿನ ಬೆರಳಚ್ಚು ತಾಮ್ರದ ಮೇಲೆ ಕಾಯಂ ಆಗಿ ಕೂರುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಪಾಕೆಟ್ ಬೇಡವೇ ಬೇಡ, ಅದರಿಂದ ಹಸಿರು ಅಂಟು ಇಳಿಯುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಇಡುವವರಿಗೆ ಕಿಲುಬಿನ ಭಯ ಇನ್ನೂ ಹೆಚ್ಚು, ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇರಲಿ. ಊರಿನ ಅಟ್ಟದಲ್ಲಿ 1943ರಿಂದ 1947ರ ನಡುವಿನ ತೂತಿನ ಕಾಸು ಸಿಕ್ಕರೆ ಅದನ್ನೂ ಹೀಗೇ ನೋಡಿಕೊಳ್ಳಿ, ಹುಣಸೆಹಣ್ಣಿನ ಹತ್ತಿರ ಬಿಡಬೇಡಿ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಸೆಂಟ್ ಅಚ್ಚಾದ ಮೇಲೆ, ಮನೆಯಲ್ಲಿರುವ ಚಿಲ್ಲರೆಗೆಲ್ಲ ಬೆಲೆ ಬರುತ್ತದೆಯೇ ಎಂದು ಕೇಳುವವರು ಹೆಚ್ಚಿದ್ದಾರೆ. ಬರುವುದಿಲ್ಲ. ಸುಮಾರು 30,000 ಕೋಟಿ ಸೆಂಟ್ ಇನ್ನೂ ಹೊರಗಿವೆ ಎಂಬ ಅಂದಾಜಿದೆ. ಆದರೂ ಖರ್ಚು ಮಾಡುವ ಮುಂಚೆ ಒಮ್ಮೆ ಮಗುಚಿ ನೋಡಿ, ತೆನೆಗಳಿದ್ದವನ್ನು ಬೇರೆ ತೆಗೆದಿಡಿ. 1982ರದ್ದರಲ್ಲಿ ಎರಡು ಬಗೆ, ಸಿಕ್ಕರೆ ಚಿನ್ನ ತೂಗುವ ಪುಟ್ಟ ತಕ್ಕಡಿಯ ಮೇಲಿಡಿ. 3.11 ಗ್ರಾಂ ಬಂದರೆ ತಾಮ್ರದ್ದು, 2.5 ಗ್ರಾಂ ಬಂದರೆ ತಾಮ್ರದ ತೆಳು ಹೊದಿಕೆಯ ಸತುವಿನದು.