ಅಂಗನವಾಡಿ: ಪಠ್ಯಕ್ರಮ ಬಂತು, ಪುರುಸೊತ್ತು ಬರಲಿಲ್ಲ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕ್‌ಗಳಲ್ಲಿ. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಆರು ಸೇವೆಗಳ ಪೈಕಿ ಶಾಲಾಪೂರ್ವ ಶಿಕ್ಷಣ ಒಂದೇ ಒಂದು. ಮಿಕ್ಕ ಐದೂ ಆಹಾರ, ಆರೋಗ್ಯದವು. ಮಕ್ಕಳು ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ ಅದು ಸರಿಯೇ. ಆದರೆ ಹಾಗೆ ಬಿದ್ದ ಪಾಯ ಇವತ್ತಿಗೂ ಅಲುಗಾಡಿಲ್ಲ.

ಪಠ್ಯಕ್ರಮಕ್ಕೇನೂ ಬರವಿಲ್ಲ. 2013ರಲ್ಲಿ ಶಾಲಾಪೂರ್ವ ಶಿಕ್ಷಣದ ರಾಷ್ಟ್ರೀಯ ನೀತಿ ಬಂತು, 2022ರಲ್ಲಿ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, 2024ರಲ್ಲಿ ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’ ಪಠ್ಯಕ್ರಮ. ಕರ್ನಾಟಕದ್ದೇ ಆದ ‘ಚಿಲಿಪಿಲಿ’ಯೂ ಇದೆ: ಹಾಡು, ಕಥೆ, ಆಟ, ವಿಷಯವಾರು ಚಟುವಟಿಕೆ. ಓದಿದರೆ ಖುಷಿಯಾಗುತ್ತದೆ. ಅದನ್ನು ಮಾಡಿಸುವವರ ದಿನಚರಿ ನೋಡಿದರೆ ಖುಷಿ ಇಳಿಯುತ್ತದೆ. ಮೂರು ವರ್ಷದ್ದೂ ಐದು ವರ್ಷದ್ದೂ ಒಂದೇ ಕೋಣೆಯಲ್ಲಿ. ಸಹಾಯಕಿ ಅಡುಗೆಗೆ ಕೂತರೆ ಕಾರ್ಯಕರ್ತೆ ಒಬ್ಬಳೇ. 2017ರಲ್ಲಿ ‘ಮಾತೃಪೂರ್ಣ’ ಬಂದ ಮೇಲೆ ಗರ್ಭಿಣಿ, ಬಾಣಂತಿಯರ ಬಿಸಿಯೂಟವೂ ಸೇರಿಕೊಂಡಿತು. ತೂಕ ಮಾಡಬೇಕು, ‘ಪೋಷಣ್ ಟ್ರ್ಯಾಕರ್’ ಆ್ಯಪ್‌ಗೆ ತುಂಬಬೇಕು, ಮನೆ ಭೇಟಿ, ಸರ್ವೆ, ಹಲವರಿಗೆ ಮತದಾರರ ಪಟ್ಟಿ ನೋಡುವ ಬಿಎಲ್‌ಒ ಕೆಲಸ ಬೇರೆ. ತೂಕ ಬರೆಯದಿದ್ದರೆ ಮೇಲಿನಿಂದ ಫೋನ್ ಬರುತ್ತದೆ. ಕಥೆ ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಅಪ್ಪ ಅಮ್ಮಂದಿರು ಕೇಳುವುದೂ ಕಥೆಯನ್ನಲ್ಲ. ‘ಅಲ್ಲಿ ಊಟ ಹಾಕ್ತಾರೆ, ಏನ್ ಕಲಿಸ್ತಾರೆ?’ ಅನ್ನುವವರಿಗೆ ಎಬಿಸಿಡಿ ಬೇಕು, ಯೂನಿಫಾರಂ ಬೇಕು, ಹೋಂವರ್ಕ್ ಬೇಕು. ಸಾಲ ಮಾಡಿಯಾದರೂ ಖಾಸಗಿ ಎಲ್‌ಕೆಜಿಗೆ ಹಾಕುತ್ತಾರೆ. ಸರ್ಕಾರವೂ ಅದೇ ದಾರಿ ಹಿಡಿದು 2019ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಇನ್ನಷ್ಟು ಶಾಲೆಗಳಿಗೆ ಅದನ್ನು ಹಬ್ಬಿಸಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಶಾಲೆಗೆ ಹೋದರೆ ಕೇಂದ್ರದಲ್ಲಿ ಉಳಿಯುವುದೇನು? ಆಮೇಲೆ ಕೆಲವು ಅಂಗನವಾಡಿಗಳನ್ನೇ ‘ಸರ್ಕಾರಿ ಮಾಂಟೆಸ್ಸರಿ’ ಮಾಡುವ ನಿರ್ಧಾರವಾಯಿತು. ಬೋರ್ಡು ಬದಲಾಯಿಸುವುದು ಸುಲಭ. ಬರೆಸಬೇಡಿ, ಆಡಿಸಿ ಎನ್ನುವ ಪಠ್ಯಕ್ರಮಕ್ಕೆ ಪೋಷಕರನ್ನು ಒಪ್ಪಿಸುವುದು ಕಷ್ಟ.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮದಲ್ಲೂ ಈ ಒತ್ತಡ ಕಂಡಿತು. ಪೋಷಕರ ಒತ್ತಾಯಕ್ಕೆ ಮಣಿದು 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು.

ಇಷ್ಟೆಲ್ಲದರ ನಡುವೆ ಕಲಿಸುವವಳು ಯಾರು ಎಂಬುದೇ ತೀರ್ಮಾನವಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಕೊಡಬೇಕೆಂದಾಗ, ಮೂರರಿಂದ ಆರು ವರ್ಷದ ಮಕ್ಕಳಿಗೆ ಅವರು ನಡೆಸುವುದು ಅಪ್ಪಟ ಶಿಕ್ಷಣದ ಕೆಲಸವೇ ಎಂದಿತು. ಅವರ ಕೈಗೆ ಸಿಗುವುದಕ್ಕೆ ಸರ್ಕಾರದ ಕಡತದಲ್ಲಿ ಈಗಲೂ ಇರುವ ಹೆಸರು ಗೌರವಧನ.