ಎರಡೂವರೆ ವರ್ಷ ಇದ್ದ ಊರು: ಡ್ವೇನ್ ಆಲ್‌ಮನ್ ಮತ್ತು ಮೇಕನ್

1973ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್ ಹತ್ತಿರ, 20ನೇ ಇಂಟರ್‌ಸ್ಟೇಟ್ ಹೆದ್ದಾರಿಯ ಪಕ್ಕದ ಮಣ್ಣಿನ ದಿಬ್ಬದಲ್ಲಿ ಅಭಿಮಾನಿಗಳು ದೊಡ್ಡ ದೊಡ್ಡ ಅಕ್ಷರ ಕೊರೆದರು. ಡ್ವೇನ್ ಆಲ್‌ಮನ್‌ನನ್ನು ಮರೆಯಬೇಡಿ ಅನ್ನುವ ಅರ್ಥದ ಮೂರೇ ಪದ. ಅದರ ಫೋಟೊ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲೂ ಬಂತು. ಅವನು ತೀರಿಕೊಂಡದ್ದು 1971ರ ಅಕ್ಟೋಬರ್ 29ಕ್ಕೆ, ಮೋಟಾರ್ ಸೈಕಲ್ ಅಪಘಾತದಲ್ಲಿ. ಆಗ 24 ವರ್ಷ. 25 ತುಂಬಲು ಮೂರು ವಾರ ಬಾಕಿ ಇತ್ತು.

ಸದರ್ನ್ ರಾಕ್, ಅಂದರೆ ಅಮೆರಿಕದ ತೆಂಕಣ ರಾಜ್ಯಗಳ ರಾಕ್ ಅಂತ ಇವತ್ತು ನಾವು ಕರೆಯುವ ಸಂಗೀತಕ್ಕೆ ದಾರಿ ಹಾಕಿಕೊಟ್ಟ ಗಿಟಾರಿಗ ಹುಡುಗ ಇವನು. ಬ್ಲೂಸ್, ಜಾಝ್, ಕಂಟ್ರಿ ಎಲ್ಲ ಸೇರಿಸಿ, ಒಂದು ಹಾಡನ್ನು ಇಪ್ಪತ್ತು ನಿಮಿಷ ಬೆಳೆಸುತ್ತಿದ್ದ ಆಲ್‌ಮನ್ ಬ್ರದರ್ಸ್ ಬ್ಯಾಂಡ್ ಕಟ್ಟಿದವನು. ಹುಟ್ಟಿದ್ದು ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ. ಡ್ವೇನ್‌ಗೆ ಮೂರು ವರ್ಷ ಇದ್ದಾಗ ಸೇನೆಯಲ್ಲಿದ್ದ ಅಪ್ಪನನ್ನು, ಅವರೇ ದಾರಿಯಲ್ಲಿ ಲಿಫ್ಟ್ ಕೊಟ್ಟು ಹತ್ತಿಸಿಕೊಂಡಿದ್ದ ಮನುಷ್ಯ ಕೊಂದ. ಅಮ್ಮ ಜೆರಾಲ್ಡೀನ್ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕಿದರು. 1959ರಲ್ಲಿ ಮೂವರೂ ಫ್ಲೋರಿಡಾದ ಡೇಟೋನಾ ಬೀಚ್‌ಗೆ ಹೋದರು. ಹೆಸರು ಬಂದದ್ದು ಅಲಬಾಮದಲ್ಲಿ. ಹಾಗಿದ್ದರೂ ಅಭಿಮಾನಿಗಳು ಅವನನ್ನು ಹುಡುಕಿಕೊಂಡು ಹೋಗುವುದು ಈ ಮೂರು ಊರಿಗೂ ಅಲ್ಲ. ಜಾರ್ಜಿಯ ರಾಜ್ಯದ ನಡುವಿನ ಮೇಕನ್‌ಗೆ. ಅಲ್ಲಿ ಅವನು ಇದ್ದದ್ದು ಹೆಚ್ಚೆಂದರೆ ಎರಡೂವರೆ ವರ್ಷ, ಅದರಲ್ಲೂ ಮುಕ್ಕಾಲು ಪಾಲು ವ್ಯಾನಿನಲ್ಲಿ, ರಸ್ತೆ ಮೇಲೆ. ಅಷ್ಟು ಕಡಿಮೆ ದಿನ ಇದ್ದವನನ್ನು ಒಂದು ಊರು ತನ್ನ ಮಗ ಅಂದುಕೊಂಡದ್ದು ಹೇಗೆ? ನನಗೆ ಅವನ ಗಿಟಾರ್‌ನಷ್ಟೇ ಇಷ್ಟವಾದದ್ದು ಈ ಕತೆ.

ಮೇಕನ್‌ಗೆ ಸಂಗೀತ ಹೊಸದೇನಲ್ಲ. ಗಾಯಕ ಲಿಟಲ್ ರಿಚರ್ಡ್ ಅಲ್ಲೇ ಹುಟ್ಟಿದವರು. ಗಾಯಕ ಓಟಿಸ್ ರೆಡ್ಡಿಂಗ್ ಅಲ್ಲೇ ಬೆಳೆದವರು. ಓಟಿಸ್‌ನ ಮ್ಯಾನೇಜರ್ ಆಗಿದ್ದವರು ಅದೇ ಊರಿನ ಫಿಲ್ ವಾಲ್ಡನ್. 1967ರ ಡಿಸೆಂಬರ್ 10ರಂದು ಓಟಿಸ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಅಲಬಾಮದ ಮಸಲ್ ಶೋಲ್ಸ್‌ನಲ್ಲಿ, ಫೇಮ್ ಸ್ಟುಡಿಯೊದಲ್ಲಿ, ವಿಲ್ಸನ್ ಪಿಕೆಟ್ ಬೀಟಲ್ಸ್‌ನ ‘ಹೇ ಜೂಡ್’ ಹಾಡಿದರು. ಆ ಹಾಡಿನ ಕೊನೆಯಲ್ಲಿ ಉದ್ದ ಕೂದಲಿನ ಒಬ್ಬ ಬಿಳಿ ಹುಡುಗ ಬಾರಿಸಿದ ಗಿಟಾರ್ ಕೇಳಿದವರೆಲ್ಲ ‘ಯಾರಿವನು?’ ಅಂತ ಕೇಳತೊಡಗಿದರು. ಕೇಳಿದವರಲ್ಲಿ ಇಂಗ್ಲೆಂಡಿನ ಹೆಸರಾಂತ ಗಿಟಾರಿಗ ಎರಿಕ್ ಕ್ಲಾಪ್ಟನ್ ಒಬ್ಬರು. ಫಿಲ್ ವಾಲ್ಡನ್ ಇನ್ನೊಬ್ಬರು. ಓಟಿಸ್‌ನನ್ನು ಕಳೆದುಕೊಂಡಿದ್ದ ವಾಲ್ಡನ್‌ಗೆ ಮತ್ತೆ ಒಬ್ಬ ಸಿಕ್ಕಿದ. ಆ ಹುಡುಗನೇ ಡ್ವೇನ್.

1969ರ ಮಾರ್ಚ್ ಕೊನೆಗೆ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಬ್ಯಾಂಡ್ ಕೂಡಿತು. ಡ್ವೇನ್, ತಮ್ಮ ಗ್ರೆಗ್, ಇನ್ನೊಬ್ಬ ಗಿಟಾರಿಗ ಡಿಕಿ ಬೆಟ್ಸ್, ಬೇಸ್ ಗಿಟಾರ್‌ಗೆ ಬೆರಿ ಓಕ್ಲಿ, ಡ್ರಮ್ಸ್‌ಗೆ ಇಬ್ಬರು: ಬುಚ್ ಟ್ರಕ್ಸ್ ಮತ್ತು ಜೇಮೊ. ಕೆಲವೇ ವಾರಗಳಲ್ಲಿ ಎಲ್ಲರೂ ವಾಲ್ಡನ್ ಇದ್ದ ಮೇಕನ್‌ಗೆ ಬಂದರು. ನ್ಯೂಯಾರ್ಕ್‌ಗೋ ಲಾಸ್ ಏಂಜಲೀಸ್‌ಗೋ ಹೋಗಿ ಅನ್ನುವ ಒತ್ತಡವಿತ್ತು. ಹುಡುಗರು ಒಪ್ಪಲಿಲ್ಲ. ತೆಂಕಣ ರಾಜ್ಯಗಳಲ್ಲೇ ಇದ್ದು ಬಾರಿಸುತ್ತೇವೆ ಅಂದರು.

ಇದು ಸುಮ್ನೆ ಹೇಳುವಷ್ಟು ಸುಲಭದ ಮಾತಲ್ಲ. ಜೇಮೊ ಕರಿಯ, ಉಳಿದ ಐವರು ಬಿಳಿಯರು. ಆಗ ಜಾರ್ಜಿಯದ ಗವರ್ನರ್ ಲೆಸ್ಟರ್ ಮ್ಯಾಡಾಕ್ಸ್. ಅಟ್ಲಾಂಟಾದ ತಮ್ಮ ಹೋಟೆಲಿಗೆ ಊಟಕ್ಕೆ ಬಂದ ಕರಿಯರನ್ನು 1964ರಲ್ಲಿ ಪಿಸ್ತೂಲು ಹಿಡಿದು ಓಡಿಸಿಯೇ ಹೆಸರು ಮಾಡಿದ್ದ ಮನುಷ್ಯ. ಅಂಥ ಕಾಲದಲ್ಲಿ, ಅಂಥ ರಾಜ್ಯದಲ್ಲಿ, ಕರಿಯ ಬಿಳಿಯ ಹುಡುಗರು ಒಂದೇ ಮನೆಯಲ್ಲಿ ಮಲಗಿ, ಒಂದೇ ವ್ಯಾನಿನಲ್ಲಿ ಓಡಾಡಿ, ಒಂದೇ ತಟ್ಟೆಯಲ್ಲಿ ತಿಂದರು.

ತಟ್ಟೆ ಅಂದೆನಲ್ಲ, ಆ ತಟ್ಟೆ ಕೊಟ್ಟವರ ಬಗ್ಗೆ ಹೇಳಲೇಬೇಕು. ಮೇಕನ್‌ನಲ್ಲಿ ಎಚ್ ಅಂಡ್ ಎಚ್ ಅಂತ ಒಂದು ಸಣ್ಣ ಊಟದ ಹೋಟೆಲು. ಇನೆಜ್ ಹಿಲ್ ಮತ್ತು ಲೂಯಿಸ್ ಹಡ್ಸನ್ ಅನ್ನುವ ಇಬ್ಬರು ಕರಿಯ ಹೆಂಗಸರು 1959ರಲ್ಲಿ ಶುರು ಮಾಡಿದ್ದು. ಹುರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು. ಕೈಯಲ್ಲಿ ಕಾಸಿಲ್ಲದ ಬ್ಯಾಂಡಿನ ಹುಡುಗರು ಬಂದು ಎರಡು ತಟ್ಟೆ ಊಟ ಹೇಳಿ ಎಲ್ಲರೂ ಅದನ್ನೇ ಹಂಚಿಕೊಳ್ಳುತ್ತಿದ್ದರು. ಅದನ್ನು ನೋಡಿದ ಲೂಯಿಸ್ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಬಡಿಸಿದರು, ದುಡ್ಡು ಆಮೇಲೆ ಕೊಡಿ ಅಂದರು. ಅಲ್ಲಿಂದ ಅವರು ಎಲ್ಲರಿಗೂ ಮಾಮಾ ಲೂಯಿಸ್ ಆದರು. ಕನ್ನಡದಲ್ಲಾದರೆ ಲೂಯಿಸಮ್ಮ ಅನ್ನುತ್ತಿದ್ದೆವು. ಹುಡುಗರು ದೊಡ್ಡವರಾದ ಮೇಲೆ ಆ ಋಣ ಮರೆಯಲಿಲ್ಲ, 1972ರಲ್ಲಿ ಅವರನ್ನು ತಮ್ಮ ಜೊತೆ ಪ್ರವಾಸಕ್ಕೆ ಕರೆದುಕೊಂಡು ಹೋದರು. ಮ್ಯಾಡಾಕ್ಸ್‌ನ ಹೋಟೆಲು ಮತ್ತು ಲೂಯಿಸಮ್ಮನ ಹೋಟೆಲು, ಎರಡೂ ಒಂದೇ ರಾಜ್ಯದಲ್ಲಿದ್ದವು, ಅಲ್ವಾ? ಲೂಯಿಸಮ್ಮ 2022ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು ಜಾಗ ರೋಸ್ ಹಿಲ್ ಸ್ಮಶಾನ. 1840ರಲ್ಲಿ ಆಕ್‌ಮಲ್ಗಿ ನದಿಯ ದಂಡೆಯ ಮೇಲೆ ಮಾಡಿದ್ದು. ಹಳೇ ಮರ, ಇಳಿಜಾರು, ಕೆಳಗೆ ನದಿ. ರಾತ್ರಿ ಹೊತ್ತು ಹುಡುಗರು ಗಿಟಾರ್ ಹಿಡಿದು ಅಲ್ಲಿ ಹೋಗಿ ಕೂರುತ್ತಿದ್ದರು. ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’ ಅಂತ ಡಿಕಿ ಬೆಟ್ಸ್ ಮಾಡಿದ ಮಾತಿಲ್ಲದ ಹಾಡಿದೆ. ಆ ಹೆಸರು ಸಿಕ್ಕಿದ್ದು ಇದೇ ಸ್ಮಶಾನದ ಒಂದು ಕಲ್ಲಿನ ಮೇಲೆ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಧ್ವನಿಮುದ್ರಣವಾದ ಅದರ ರೂಪ ಕೇಳಿ. ಮೊದಲು ಮೆಲ್ಲಗೆ ಒಂದೊಂದೇ ಸ್ವರ ಎಳೆದು, ಎರಡು ಗಿಟಾರ್ ಜೋಡಿಯಾಗಿ ಸಾಗಿ, ಆಮೇಲೆ ಒಬ್ಬೊಬ್ಬರೇ ಬೇರೆಯಾಗಿ ಬೆಳೆಸುತ್ತ ಬೆಳೆಸುತ್ತ ಡ್ವೇನ್‌ನ ಸರದಿ ಬರುವ ಹೊತ್ತಿಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಅದು ಇರುವ ‘ಅಟ್ ಫಿಲ್ಮೋರ್ ಈಸ್ಟ್’ ಆಲ್ಬಂ ನ್ಯೂಯಾರ್ಕ್‌ನದಾದರೂ ಹೊದಿಕೆಯ ಚಿತ್ರ ತೆಗೆದದ್ದು ಮೇಕನ್‌ನ ಓಣಿಯಲ್ಲಿ. ಸಾಮಾನಿನ ಪೆಟ್ಟಿಗೆಗಳ ಮುಂದೆ ಕೂತು ಆರೂ ಜನ ನಗುತ್ತಿದ್ದಾರೆ.

ಡ್ವೇನ್‌ನ ಸ್ಲೈಡ್ ಗಿಟಾರ್ ಬಗ್ಗೆ ಒಂದು ಮಾತು. ಗೋಟುವಾದ್ಯ ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ. ತಂತಿಯನ್ನು ಬೆರಳಿನಿಂದ ಒತ್ತುವ ಬದಲು ಅದರ ಮೇಲೆ ಒಂದು ನುಣುಪು ವಸ್ತುವನ್ನು ಜಾರಿಸುವುದು, ಆಗ ಸ್ವರಗಳ ನಡುವೆ ಗೋಡೆಯೇ ಇರುವುದಿಲ್ಲ. ಡ್ವೇನ್ ಕುದುರೆಯಿಂದ ಬಿದ್ದು ಎಡ ಮೊಣಕೈ ನೋವು ಮಾಡಿಕೊಂಡಿದ್ದ. ಅವನಿಗೆ ನೆಗಡಿಯೂ ಆಗಿತ್ತು. ಹುಟ್ಟುಹಬ್ಬಕ್ಕೆ ತಮ್ಮ ಗ್ರೆಗ್ ತಾಜ್ ಮಹಲ್ ಅನ್ನುವ ಗಾಯಕನ ರೆಕಾರ್ಡನ್ನೂ ಕೊರಿಸಿಡಿನ್ ಅನ್ನುವ ನೆಗಡಿ ಮಾತ್ರೆಯ ಸಣ್ಣ ಗಾಜಿನ ಶೀಶೆಯನ್ನೂ ಕೊಟ್ಟು ಹೋದ. ಅಣ್ಣ ಮಾತ್ರೆ ಸುರಿದು, ಲೇಬಲ್ ಕಿತ್ತು, ಖಾಲಿ ಶೀಶೆಯನ್ನು ಉಂಗುರದ ಬೆರಳಿಗೆ ಹಾಕಿಕೊಂಡ. ಮುಂದೆ ಕ್ಲಾಪ್ಟನ್ ಜೊತೆ ‘ಲೈಲಾ’ದಲ್ಲಿ ಕೂಗಿದ್ದೂ ಅದೇ ಬಗೆಯ ಶೀಶೆ. ಆ ಹಾಡಿಗೆ ಬಳಸಿದ 1957ರ ಗಿಟಾರ್ 2019ರಲ್ಲಿ ಹನ್ನೆರಡೂವರೆ ಲಕ್ಷ ಡಾಲರ್‌ಗೆ ಹರಾಜಾಯಿತು.

1971ರ ಅಕ್ಟೋಬರ್ 29ರ ಸಂಜೆ. ಓಕ್ಲಿ ಹೆಂಡತಿಯ ಹುಟ್ಟುಹಬ್ಬಕ್ಕೆ ಅಂತ ವೈನ್‌ವಿಲ್ ಅವೆನ್ಯೂನ ‘ಬಿಗ್ ಹೌಸ್’ಗೆ, ಅಂದರೆ ಬ್ಯಾಂಡಿನವರು ಮನೆಮಂದಿ ಜೊತೆ ಬಾಡಿಗೆಗಿದ್ದ ದೊಡ್ಡ ಮನೆಗೆ ಹೋಗಿದ್ದ ಡ್ವೇನ್ ಹಾರ್ಲೆ ಮೋಟಾರ್ ಸೈಕಲ್ ಮೇಲೆ ಹೊರಟ. ಹಿಲ್‌ಕ್ರೆಸ್ಟ್ ಮತ್ತು ಬಾರ್ಟ್ಲೆಟ್ ರಸ್ತೆ ಕೂಡುವಲ್ಲಿ ಕ್ರೇನ್ ಹೊತ್ತ ಲಾರಿ ನಡುವೆ ನಿಂತಿತು. ತಪ್ಪಿಸಲು ಹೋದ, ಆಗಲಿಲ್ಲ. ಕೆಲವು ಗಂಟೆಗಳಲ್ಲಿ ಎಲ್ಲ ಮುಗಿಯಿತು. ಒಂದು ವರ್ಷ, ಎರಡು ವಾರ ಕಳೆದು, 1972ರ ನವೆಂಬರ್ 11ಕ್ಕೆ ಬೆರಿ ಓಕ್ಲಿಯೂ ಮೋಟಾರ್ ಸೈಕಲ್‌ನಲ್ಲಿ ಬಸ್ಸಿಗೆ ಗುದ್ದಿ ಸತ್ತ. ಡ್ವೇನ್ ಬಿದ್ದ ಜಾಗದಿಂದ ಕೆಲವೇ ಬೀದಿ ಆಚೆ. ಅವನಿಗೂ 24. ರೋಸ್ ಹಿಲ್‌ನಲ್ಲಿ ಇಬ್ಬರೂ ಅಕ್ಕಪಕ್ಕ ಇದ್ದಾರೆ.

ಇಲ್ಲಿ ಒಂದು ಸುಳ್ಳು ಸುದ್ದಿಯನ್ನು ಬಿಡಿಸಿ ಹೇಳಬೇಕು. ಮುಂದಿನ ಆಲ್ಬಂ ಹೆಸರು ‘ಈಟ್ ಎ ಪೀಚ್’ ಅಂತ ಇದ್ದದ್ದಕ್ಕೆ, ಡ್ವೇನ್‌ಗೆ ಗುದ್ದಿದ್ದು ಪೀಚ್ ಹಣ್ಣಿನ ಲಾರಿ ಅಂತ ಕತೆ ಹುಟ್ಟಿತು. ಇವತ್ತಿಗೂ ಹೇಳುವವರಿದ್ದಾರೆ. ಪೀಚ್ ಜಾರ್ಜಿಯದ ಹಣ್ಣು. ಕ್ರಾಂತಿಗೆ ನೀನು ಏನು ಮಾಡುತ್ತಿದ್ದೀಯ ಅಂತ ಸಂದರ್ಶನದಲ್ಲಿ ಕೇಳಿದಾಗ, ಜಾರ್ಜಿಯಕ್ಕೆ ಬಂದಾಗೆಲ್ಲ ಶಾಂತಿಗಾಗಿ ಒಂದು ಪೀಚ್ ತಿನ್ನುತ್ತೇನೆ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟಿದ್ದ. ಹೆಸರು ಅಲ್ಲಿಂದ ಬಂತು. ಗೆಳೆಯರು ಅವನ ಮಾತನ್ನು ಉಳಿಸಲು ಇಟ್ಟ ಹೆಸರನ್ನು ಅವನ ಸಾವಿನ ತಮಾಷೆ ಅಂದುಕೊಳ್ಳುವುದು ನನಗೆ ನಿಜವಾಗಿ ನೋವು ಕೊಡುತ್ತದೆ.

ಅಭಿಮಾನಿಗಳ ಪ್ರೀತಿ ಯಾವಾಗಲೂ ಒಳ್ಳೆಯದನ್ನೇ ಮಾಡಿತು ಅಂತಲೂ ಹೇಳಲಾರೆ. ಸಮಾಧಿಗಳಿಗೆ ಜನ ಬಂದು ಬಂದು ಹಾನಿಯಾಗಿ, ಕೊನೆಗೆ ಸುತ್ತ ಕಬ್ಬಿಣದ ಬೇಲಿ ಹಾಕಬೇಕಾಯಿತು. ಆದರೆ ಬಿಗ್ ಹೌಸ್ ಉಳಿದದ್ದು ಇದೇ ಪ್ರೀತಿಯಿಂದ. 1973ರಲ್ಲೇ ಬ್ಯಾಂಡಿನವರು ಆ ಮನೆ ಬಿಟ್ಟಿದ್ದರು. ಇಪ್ಪತ್ತು ವರ್ಷದ ನಂತರ, ಅಭಿಮಾನಿಯಾಗಿ ಫೋಟೊ ತೆಗೆಯುತ್ತ ಬಂದು ಬ್ಯಾಂಡಿನ ಟೂರ್ ಮ್ಯಾನೇಜರ್ ಆಗಿದ್ದ ಕರ್ಕ್ ವೆಸ್ಟ್ ಮತ್ತು ಅವರ ಹೆಂಡತಿ ಅದನ್ನು ಕೊಂಡರು. ಅಲ್ಲೇ ವಾಸ ಮಾಡಿದರು, ಬಾಗಿಲು ತಟ್ಟಿದ ಅಭಿಮಾನಿಗಳನ್ನು ಒಳಗೆ ಕರೆದರು, ಹಳೇ ಸಾಮಾನು ಕೂಡಿಸಿದರು. 2009ರ ಡಿಸೆಂಬರ್‌ನಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಅಷ್ಟರೊಳಗೆ ಸರ್ಕಾರಕ್ಕೂ ನೆನಪಾಗಿತ್ತು. 1998ರಲ್ಲಿ ಜಾರ್ಜಿಯದ ಶಾಸನಸಭೆ ಮೇಕನ್ ಒಳಗಿನ ಹೆದ್ದಾರಿಯ ಒಂದು ಭಾಗಕ್ಕೆ ಡ್ವೇನ್ ಆಲ್‌ಮನ್ ಬುಲೆವಾರ್ಡ್ ಅಂತ ಹೆಸರಿಟ್ಟಿತು. ವಾಲ್ಡನ್‌ನ ಕ್ಯಾಪ್ರಿಕಾರ್ನ್ ಸ್ಟುಡಿಯೊವನ್ನು ಅದೇ ಊರಿನ ಮರ್ಸರ್ ವಿಶ್ವವಿದ್ಯಾಲಯ ರಿಪೇರಿ ಮಾಡಿಸಿ 2019ರ ಕೊನೆಗೆ ಮತ್ತೆ ತೆರೆಯಿತು.

ಬ್ಯಾಂಡ್ ತನ್ನ ಕೊನೆಯ ಕಾರ್ಯಕ್ರಮ ಕೊಟ್ಟದ್ದು 2014ರ ಅಕ್ಟೋಬರ್ 28ರ ರಾತ್ರಿ, ನ್ಯೂಯಾರ್ಕ್‌ನ ಬೀಕನ್ ಥಿಯೇಟರ್‌ನಲ್ಲಿ. ಬಾರಿಸುತ್ತ ಬಾರಿಸುತ್ತ ನಡುರಾತ್ರಿ ದಾಟಿತು, ತಾರೀಖು 29 ಆಯಿತು. ಡ್ವೇನ್ ಹೋದ ದಿನ. ಬ್ಯಾಂಡ್ ಕೂಡಿದಾಗ ಮೊದಲು ಕಲಿತ, ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ಹಾಡನ್ನೇ ಕೊನೆಯದಾಗಿ ಬಾರಿಸಿ ಇಳಿದರು. 2017ರ ಜನವರಿಯಲ್ಲಿ ಬುಚ್ ಟ್ರಕ್ಸ್ ಹೋದರು. ಅದೇ ಮೇನಲ್ಲಿ ಗ್ರೆಗ್ ಹೋದರು. ಗ್ರೆಗ್‌ನನ್ನು ರೋಸ್ ಹಿಲ್‌ನಲ್ಲಿ ಅಣ್ಣನ ಹತ್ತಿರ ಮಣ್ಣು ಮಾಡಿದರು. ಅಂತ್ಯಕ್ರಿಯೆಗೆ ಜಿಮ್ಮಿ ಕಾರ್ಟರ್ ಬಂದಿದ್ದರು. ಅಧ್ಯಕ್ಷ ಚುನಾವಣೆಗೆ ನಿಂತಾಗ ಇದೇ ಬ್ಯಾಂಡ್ ಅವರಿಗಾಗಿ ಬಾರಿಸಿ ಹಣ ಕೂಡಿಸಿ ಕೊಟ್ಟಿತ್ತು. 2024ರ ಏಪ್ರಿಲ್‌ನಲ್ಲಿ ಡಿಕಿ ಬೆಟ್ಸ್ ಕೂಡ ಹೊರಟರು.

ಆ ಓಣಿಯ ಫೋಟೊದಲ್ಲಿ ನಗುತ್ತಿದ್ದ ಆರು ಜನರಲ್ಲಿ ಈಗ ಉಳಿದವರು ಜೇಮೊ ಒಬ್ಬರೇ. ಬ್ಯಾಂಡ್ ಕಟ್ಟುವ ಮುಂಚೆ, ಮಸಲ್ ಶೋಲ್ಸ್‌ನಲ್ಲಿ, ಡ್ವೇನ್ ಜೊತೆ ಎಲ್ಲರಿಗಿಂತ ಮೊದಲು ಬಂದು ಸೇರಿಕೊಂಡವರೂ ಅವರೇ.